ಸಿಡಿದ ತೋಟಾಕ್ಕೆ ಮರುಜನ್ಮ

ತೋಟಾವನ್ನು ಕಟ್ಟಿದವರು ಯಾರು, ಅದರಲ್ಲಿ ಏನೇನು ಸೇರಿದೆ ಎಂಬ ಪ್ರಶ್ನೆ ಒಮ್ಮೆ ಈ ದೇಶದ ಚರಿತ್ರೆಯನ್ನೇ ಅಲುಗಾಡಿಸಿತ್ತು. 1857ರ ಎನ್‌ಫೀಲ್ಡ್ ಕೋವಿಯ ತೋಟಾ ಎಂದರೆ ಕಾಗದದ ಒಂದು ಸುರುಳಿ. ಒಳಗೆ ಅಳೆದಿಟ್ಟ ಮದ್ದು, ಜೊತೆಗೊಂದು ಸೀಸದ ಗುಂಡು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನು ಗಜದಿಂದ ಜಡಿಯಬೇಕಿತ್ತು. ಕಾಗದಕ್ಕೆ ಸವರಿದ ಕೊಬ್ಬು ದನದ್ದೋ ಹಂದಿಯದೋ ಎಂಬ ಶಂಕೆಯ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಆ ವರ್ಷದ ಜನವರಿಯಲ್ಲೇ ಸರ್ಕಾರ, ಜಿಡ್ಡು ಸವರದ ತೋಟಾ ಕೊಡಬೇಕೆಂದೂ, ಸಿಪಾಯಿಗಳು ತಮಗೆ ಒಪ್ಪುವ ಮೇಣವನ್ನೋ ಎಣ್ಣೆಯನ್ನೋ ತಾವೇ ಹಚ್ಚಿಕೊಳ್ಳಬಹುದೆಂದೂ ಅಪ್ಪಣೆ ಮಾಡಿತ್ತು. ಕಚ್ಚುವ ಬದಲು ಕೈಯಲ್ಲಿ ಹರಿಯಬಹುದೆಂಬ ನಿಯಮವೂ ಬಂತು. ಅಷ್ಟರಲ್ಲಿ ನಂಬಿಕೆ ಕೆಟ್ಟುಹೋಗಿತ್ತು. ಮೀರತ್‌ನ 85 ಸವಾರರು ತೋಟಾ ಮುಟ್ಟಲೊಲ್ಲದೆ ಬೇಡಿ ತೊಡಿಸಿಕೊಂಡ ಮರುದಿನವೇ, ಮೇ 10ರಂದು, ದಂಗೆ ಭುಗಿಲೆದ್ದಿತು.

ಆ ಕಾಗದದ ತೋಟಾದ ಆಯುಷ್ಯವೂ ಆಗಲೇ ಮುಗಿಯುತ್ತ ಬಂದಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಅದರ ಜಾಗವನ್ನು ಹಿತ್ತಾಳೆ ಹಿಡಿಯಿತು. ಮದ್ದು, ಗುಂಡು, ಕಿಡಿ ಹುಟ್ಟಿಸುವ ಕೇಪು ಮೂರೂ ಒಂದೇ ಕೊಳವೆಯಲ್ಲಿ ಸೇರಿಕೊಂಡವು. ಕೇಪಿನ ಮೂಲಪುರುಷ ಒಬ್ಬ ಪಾದ್ರಿ ಎಂಬುದು ಸೋಜಿಗ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬಲ್ಲಿದ್ದ ಅಲೆಕ್ಸಾಂಡರ್ ಫೋರ್ಸೈತ್‌ಗೆ ಬಾತುಕೋಳಿ ಬೇಟೆಯ ಹುಚ್ಚು. ಚಕಮಕಿ ಕೋವಿಯ ಕಿಡಿ ಕಂಡೊಡನೆ ಹಕ್ಕಿಗಳು ಹಾರಿಬಿಡುತ್ತಿದ್ದವು. ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕವನ್ನು ಬಳಸಿ ಆತ ಕಂಡುಕೊಂಡ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಮಲೆನಾಡಿನ ಕೇಪಿನ ಕೋವಿ ಆ ಪಾದ್ರಿಯ ಬೇಟೆಯ ಚಪಲದ ದೂರದ ಸಂತಾನ.

ಹಿತ್ತಾಳೆಗೆ ಒಂದು ವಿಶೇಷ ಗುಣವುಂಟು. ಸುಮಾರು 70 ಪಾಲು ತಾಮ್ರ, 30 ಪಾಲು ಸತುವಿನ ಈ ಮಿಶ್ರಲೋಹ ಸಿಡಿತದ ಒತ್ತಡಕ್ಕೆ ಉಬ್ಬಿ ಕೋವಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಹೊಗೆ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಕೂಡಲೇ ಒಂದಿಷ್ಟು ಕುಗ್ಗಿ ಸಡಿಲವಾಗುತ್ತದೆ. ಮದ್ದು ಉರಿದುಹೋಯಿತು, ಗುಂಡು ಹಾರಿಹೋಯಿತು, ಆದರೆ ತೋಟಾದಲ್ಲಿ ಎಲ್ಲಕ್ಕಿಂತ ದುಬಾರಿಯಾದ ಕೊಳವೆ ಹಾಗೆಯೇ ಉಳಿಯಿತು. ಅದನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು?

ಹೀಗೆ ಯೋಚಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು 1870ರ ದಶಕದ ಅಮೆರಿಕದ ಬಯಲುಸೀಮೆಯ ಕಾಡೆಮ್ಮೆ ಬೇಟೆಗಾರರು. ಅಂಗಡಿ ಎಷ್ಟೋ ದಿನಗಳ ದಾರಿ. ಸೀಸದ ಗಟ್ಟಿ, ಮದ್ದಿನ ಡಬ್ಬ, ಕೇಪುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದ ಅವರು ರಾತ್ರಿ ಬೆಂಕಿಯ ಬಳಿ ಕುಳಿತು, ಹಗಲು ಸಿಡಿಸಿದ ಕೊಳವೆಗಳಿಗೆ ಮತ್ತೆ ಈಡು ತುಂಬುತ್ತಿದ್ದರು. ಇದರ ಫಲ ಘೋರವಾಗಿತ್ತು. ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳು ಆ ಶತಮಾನದ ಕೊನೆಗೆ ಕೆಲವೇ ನೂರಕ್ಕೆ ಇಳಿದವು. ಅವುಗಳನ್ನೇ ನಂಬಿದ್ದ ಮೂಲನಿವಾಸಿಗಳ ಬದುಕೂ ಜೊತೆಗೇ ಕುಸಿಯಿತು. ಮರುಭರ್ತಿಯ ಮಿತವ್ಯಯವನ್ನು ಹೊಗಳುವವರು ಈ ಪುಟವನ್ನು ಮಗುಚಿ ಮುಂದೆ ಹೋಗುವುದುಂಟು.

ಈ ಕೆಲಸ ಅಮೆರಿಕದಲ್ಲಿ ಮನೆಮಾತಾಗಿ ಯೂರೋಪಿನಲ್ಲಿ ಹಿಂದುಳಿಯಲು ಒಂದು ಸಣ್ಣ ತೂತು ಕಾರಣವಾಯಿತು. 1866ರಲ್ಲಿ ಎರಡು ಬಗೆಯ ಕೇಪುಗಳು ಬಂದವು. ಒಂದು, ಅಮೆರಿಕದ ಹೈರಮ್ ಬರ್ಡನ್‌ನದು. ಇನ್ನೊಂದು, ಇಂಗ್ಲೆಂಡಿನ ವುಲ್ವಿಚ್ ಮದ್ದಿನ ಕಾರ್ಖಾನೆಯ ಎಡ್ವರ್ಡ್ ಬಾಕ್ಸರ್‌ನದು. ಬರ್ಡನ್ ವಿಧಾನದಲ್ಲಿ ಕೇಪು ಬಡಿಯುವ ಅಡಿಗಲ್ಲು ಕೊಳವೆಯದೇ ಭಾಗ. ಕಿಡಿ ಹಾಯಲು ಅದರ ಅಕ್ಕಪಕ್ಕ ಎರಡು ಪುಟ್ಟ ರಂಧ್ರಗಳು. ಬಾಕ್ಸರ್ ವಿಧಾನದಲ್ಲಿ ಅಡಿಗಲ್ಲು ಕೇಪಿನೊಳಗೇ ಇದ್ದು, ಕೊಳವೆಯ ನಡುವೆ ಒಂದೇ ರಂಧ್ರ. ಬಾಯಿಂದ ಒಂದು ಸೂಜಿ ತೂರಿಸಿ ಒತ್ತಿದರೆ ಹಳೆಯ ಕೇಪು ಕಳಚಿ ಬೀಳುತ್ತದೆ. ಬರ್ಡನ್ ಕೊಳವೆಯಿಂದ ಅದನ್ನು ಕೀಳುವುದೇ ಪ್ರಯಾಸ. ವಿಚಿತ್ರವೆಂದರೆ ಅಮೆರಿಕನ್ನನ ಕೇಪು ಯೂರೋಪಿನಲ್ಲಿ ನೆಲೆ ನಿಂತಿತು, ಇಂಗ್ಲಿಷನ ಕೇಪು ಅಮೆರಿಕಕ್ಕೆ ವಲಸೆ ಹೋಯಿತು.

1884ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಜಾನ್ ಬಾರ್ಲೋ ಎಂಬಾತ 'ಐಡಿಯಲ್' ಎಂಬ ಹೆಸರಿನಲ್ಲಿ ಮರುಭರ್ತಿಯ ಇಕ್ಕಳಗಳನ್ನು ಮಾರತೊಡಗಿದ. ಅಡಕೆ ಕತ್ತರಿಯನ್ನು ಹೋಲುವ ಸಲಕರಣೆ ಅದು. ಹಳೆಯ ಕೇಪು ಕಳಚುವುದು, ಹೊಸದನ್ನು ಕೂರಿಸುವುದು, ಕೊನೆಗೆ ಗುಂಡನ್ನು ಬಾಯಿಗೆ ಒತ್ತಿ ಬಿಗಿಯುವುದು ಅದರಿಂದ ಸಾಧ್ಯವಿತ್ತು.

ಅದೇ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ. ಮನೆಯಲ್ಲಿ ಈಡು ತುಂಬುವವರಿಗೆ ಇದು ನಿಜವಾದ ಅಗ್ನಿಪರೀಕ್ಷೆ. ಪೆಟ್ಲುಪ್ಪು, ಇದ್ದಿಲು, ಗಂಧಕದ ಹಳೆಯ ಕಪ್ಪು ಮದ್ದು ಒಂದರ್ಥದಲ್ಲಿ ಕ್ಷಮಾಗುಣದ್ದು; ಕೊಳವೆಯ ತುಂಬ ಸುರಿದರೂ ಆ ಕಾಲದ ಕೋವಿ ತಾಳಿಕೊಳ್ಳುತ್ತಿತ್ತು. ಹೊಸ ಮದ್ದಿನ ಶಕ್ತಿ ಅದಕ್ಕಿಂತ ಬಹಳ ಹೆಚ್ಚು. ಹಳೆಯ ಅಭ್ಯಾಸಬಲದಿಂದ ಅಷ್ಟೇ ಅಳತೆ ತುಂಬಿದರೆ ಕೋವಿಯೇ ಸಿಡಿದು ಬೆರಳೋ ಕಣ್ಣೋ ಹೋಗುವ ಅಪಾಯ. ಆದ್ದರಿಂದ ಅಳತೆಯ ಚಮಚದ ಜಾಗಕ್ಕೆ ಸೂಕ್ಷ್ಮ ತಕ್ಕಡಿ ಬಂತು. ಊಹೆಯ ಜಾಗಕ್ಕೆ, ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಪ್ರಮಾಣಗಳನ್ನು ಅಚ್ಚುಹಾಕಿದ ಕೈಪಿಡಿ ಬಂತು. ಇಂದಿಗೂ ಅಲ್ಲಿ ಹೊಸಬರಿಗೆ ಹೇಳುವ ಮೊದಲ ಮಾತು ಯಂತ್ರ ಕೊಳ್ಳಿರೆಂದಲ್ಲ, ಕೈಪಿಡಿ ಓದಿರೆಂದು. ಎರಡನೆಯದು, ಕೈಪಿಡಿಯ ಕನಿಷ್ಠ ಪ್ರಮಾಣದಿಂದಲೇ ಶುರುಮಾಡಿ ಎಂದು.

ಈ ಹವ್ಯಾಸವನ್ನು ಉದ್ಯಮವಾಗಿಸಿದ್ದು ಯುದ್ಧಕಾಲದ ಕೊರತೆ. ಎರಡನೆಯ ಮಹಾಯುದ್ಧದಲ್ಲಿ ತೋಟಾಗಳೆಲ್ಲ ರಣರಂಗಕ್ಕೆ ಹೋದಾಗ ಕ್ಯಾಲಿಫೋರ್ನಿಯಾದ ಓರೊವಿಲ್‌ನ ಫ್ರೆಡ್ ಹಂಟಿಂಗ್ಟನ್, ಬಳಸಿ ಬಿಸಾಡಿದ ಪುಟ್ಟ .22 ಕೊಳವೆಗಳನ್ನೇ ಒತ್ತಿ ಗುಂಡುಗಳ ಹೊದಿಕೆ ಮಾಡುವ ಅಚ್ಚು ತಯಾರಿಸಿದ. ಬಂಡೆಗಳ ಸಂದಿಯಲ್ಲಿ ವಾಸಿಸುವ 'ರಾಕ್ ಚಕ್' ಎಂಬ ದಂಶಕದ ಬೇಟೆಗೆಂದು ಹುಟ್ಟಿದ ಆ ಅಚ್ಚಿನಿಂದಲೇ ಅವನ ಕಂಪನಿಗೆ ಆರ್‌ಸಿಬಿಎಸ್ ಎಂಬ ಹೆಸರು ಬಂತು. ಯುದ್ಧ ಮುಗಿದ ಮೇಲೆ ಕನ್ಸಾಸ್‌ನ ಬ್ರೂಸ್ ಹಾಜ್ಡನ್, ಸೇನೆಯಲ್ಲಿ ಮಿಕ್ಕುಳಿದ ಮದ್ದನ್ನು ಸಗಟಾಗಿ ಕೊಂಡು ಅಗ್ಗಕ್ಕೆ ಮಾರಿದ. 1968ರ ಅಮೆರಿಕದ ಬಂದೂಕು ಕಾಯ್ದೆ ಮಾರಾಟಕ್ಕೆಂದು ತೋಟಾ ತಯಾರಿಸುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಿತಾದರೂ ಸ್ವಂತ ಬಳಕೆಗೆ ತುಂಬಿಕೊಳ್ಳುವವರನ್ನು ಅದರಿಂದ ಹೊರಗಿಟ್ಟಿತು.

ಭಾರತದ ಹಾದಿ ಬೇರೆ. 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಲೈಸೆನ್ಸ್ ಬೇಕು; ಕೋವಿ ಇಟ್ಟುಕೊಳ್ಳುವ ಹಕ್ಕು ತೋಟಾ ಮಾಡುವ ಹಕ್ಕಲ್ಲ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಷ್ಟು ಹಿಂದೆ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ದೊರೆತ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್ ಪೊಳ್ದ್ ದಿನ ಹೂ ಮುಡಿಸಿ ಪೂಜಿಸುವ ಕೋವಿಗೆ ಲೈಸೆನ್ಸಿನ ಹಂಗಿಲ್ಲದಿದ್ದರೂ, ಅಮೆರಿಕದ ಗ್ಯಾರೇಜುಗಳಲ್ಲಿ ಕಾಣುವ ಮರುಭರ್ತಿಯ ಮೇಜು ಇಲ್ಲಿನ ಮನೆಗಳಿಗೆ ಬರಲಿಲ್ಲ.

ಎಲ್ಲ ತೋಟಾಕ್ಕೂ ಮರುಜನ್ಮವಿಲ್ಲ ಎಂಬುದನ್ನೂ ಹೇಳಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಸ್ವಪ್ನಿಲ್ ಕುಸಾಳೆಗೆ ಕಂಚು ಗೆದ್ದುಕೊಟ್ಟ .22 ತೋಟಾದಲ್ಲಿ ಬೇರೆ ಕೇಪೇ ಇರುವುದಿಲ್ಲ. ಸಿಡಿಯುವ ರಾಸಾಯನಿಕವನ್ನು ಬುಡದ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ. ಕೋವಿಯ ಮೊಳೆ ಆ ಅಂಚನ್ನೇ ಜಜ್ಜುತ್ತದೆ. ಒಮ್ಮೆ ಜಜ್ಜಿದ ಅಂಚಿಗೆ ಎರಡನೆಯ ಅವಕಾಶವಿಲ್ಲ. ಹಂಟಿಂಗ್ಟನ್‌ನಂಥವರ ಕಣ್ಣಿಗೆ ಬಿದ್ದರೆ ಗುಂಡಿನ ಹೊದಿಕೆಯಾದೀತು, ಇಲ್ಲವಾದರೆ ಗುಜರಿಗೆ.