ವಿಶ್ವಾಸ ಕೇಳಿ ಸೋತವರು

ಲೋಕಸಭೆಯ ಇತಿಹಾಸ ಓದುವಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ವಿರೋಧ ಪಕ್ಷ ತಂದ ಅವಿಶ್ವಾಸ ನಿರ್ಣಯ ಗೆದ್ದು ಉರುಳಿದ ಕೇಂದ್ರ ಸರ್ಕಾರ ಒಂದೂ ಇಲ್ಲ. 1963ರಲ್ಲಿ ಆಚಾರ್ಯ ಕೃಪಲಾನಿ ನೆಹರೂ ಸರ್ಕಾರದ ವಿರುದ್ಧ ತಂದ ಮೊದಲ ನಿರ್ಣಯಕ್ಕೆ ಸಿಕ್ಕಿದ್ದು 62 ಮತ; ವಿರುದ್ಧ ಬಿದ್ದದ್ದು 347. 1979ರಲ್ಲಿ ಮೊರಾರ್ಜಿ ದೇಸಾಯಿ ಮತದಾನಕ್ಕೆ ಮುಂಚೆಯೇ ರಾಜೀನಾಮೆ ಕೊಟ್ಟರು. ಸದನದಲ್ಲಿ ಮತಕ್ಕೆ ನಿಂತು ಸೋತ ಪ್ರಧಾನಿಗಳು ಮೂವರು: 1990ರಲ್ಲಿ ವಿ.ಪಿ. ಸಿಂಗ್, 1997ರಲ್ಲಿ ಎಚ್.ಡಿ. ದೇವೇಗೌಡ, 1999ರಲ್ಲಿ ವಾಜಪೇಯಿ. ಮೂವರೂ ತಾವೇ ವಿಶ್ವಾಸಮತ ಕೇಳಿದವರು. ಮೂವರನ್ನೂ ಕೆಡವಿದ್ದು ಅದುವರೆಗೆ ಹೆಗಲು ಕೊಟ್ಟಿದ್ದ ಪಕ್ಷಗಳೇ.

ದೇವೇಗೌಡರದನ್ನೇ ನೋಡೋಣ. 1996ರ ಚುನಾವಣೆಯಲ್ಲಿ ಜನತಾದಳ ಗೆದ್ದದ್ದು 46 ಸ್ಥಾನ; ಅದರಲ್ಲಿ 16 ಕರ್ನಾಟಕದ್ದು. ಹೊರಗಿನಿಂದ ಬೆಂಬಲ ಕೊಟ್ಟ ಕಾಂಗ್ರೆಸ್ಸಿನ ಬಳಿ 140 ಸ್ಥಾನಗಳಿದ್ದವು. ಬೆಂಬಲಿಸುವವರು ಆಳುವವರಿಗಿಂತ ಮೂರು ಪಟ್ಟು ದೊಡ್ಡವರು! 1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಬೆಂಬಲ ಹಿಂತೆಗೆದುಕೊಂಡರು. ಏಪ್ರಿಲ್ 11ರಂದು ಸರ್ಕಾರದ ಪರ 158, ವಿರುದ್ಧ 292 ಮತ ಬಿದ್ದವು. ಕಾಂಗ್ರೆಸ್ಸೂ ಬಿಜೆಪಿಯೂ ಒಂದೇ ಕಡೆ ಕೈ ಎತ್ತಿದ ದಿನವದು.

ಹತ್ತು ದಿನಗಳ ಬಳಿಕ ಐ.ಕೆ. ಗುಜ್ರಾಲ್ ಪ್ರಮಾಣವಚನ ಸ್ವೀಕರಿಸಿದರು. ಅದೇ ಸಂಯುಕ್ತ ರಂಗ, ಬಹುಪಾಲು ಅದೇ ಮಂತ್ರಿಗಳು, ಅದೇ ಕಾಂಗ್ರೆಸ್ ಬೆಂಬಲ. ಹಾಗಾದರೆ ಸೋತದ್ದು ನೀತಿಯಲ್ಲ, ಒಬ್ಬ ವ್ಯಕ್ತಿ. ನವೆಂಬರಿನಲ್ಲಿ ಗುಜ್ರಾಲರಿಗೂ ಅದೇ ಗತಿಯಾಯಿತು. ಆದರೆ ಅವರು ಸದನದ ಮುಂದೆ ಮತ ಕೇಳಲಿಲ್ಲ, ರಾಜೀನಾಮೆ ಕೊಟ್ಟರು. 1979ರಲ್ಲಿ ಚರಣ್ ಸಿಂಗ್ ತಿಂಗಳು ತುಂಬುವ ಮೊದಲೇ, ಲೋಕಸಭೆಯನ್ನು ಒಮ್ಮೆಯೂ ಎದುರಿಸದೆ ಹಾಗೆಯೇ ಹೋಗಿದ್ದರು. 1991ರ ಮಾರ್ಚ್‌ನಲ್ಲಿ ಚಂದ್ರಶೇಖರರದೂ ರಾಜೀನಾಮೆಯೇ.

ಎರವಲು ಸಂಖ್ಯೆಯ ಮೇಲೆ ಕುಳಿತವರು ಒಂದಲ್ಲ ಒಂದು ದಿನ ಇಳಿಯಲೇಬೇಕು. ಎಲ್ಲಿ ಇಳಿದರು ಎನ್ನುವುದು ಮಾತ್ರ ನನಗೆ ಮುಖ್ಯವಾಗಿ ಕಾಣುತ್ತದೆ. ಬಹುಮತ ಸಾಬೀತುಪಡಿಸಿ ಎಂದು ರಾಷ್ಟ್ರಪತಿಗಳು ಸೂಚಿಸಿದಾಗ ದೇವೇಗೌಡರು ರಾಜೀನಾಮೆ ಬರೆದುಕೊಟ್ಟು ಸುಮ್ಮನಾಗಬಹುದಿತ್ತು. ಅವರು ಸದನಕ್ಕೆ ಹೋದರು. ಎರಡು ವರ್ಷದ ನಂತರ ವಾಜಪೇಯಿಯವರೂ ಹೋದರು. 269ಕ್ಕೆ 270, ಒಂದೇ ಮತದಿಂದ ಸೋತರು. ಅಂದು ಒಡಿಶಾದ ಮುಖ್ಯಮಂತ್ರಿಯಾಗಿದ್ದ ಗಿರಿಧರ ಗಮಾಂಗ್ ಇನ್ನೂ ಸಂಸದರಾಗಿಯೇ ಉಳಿದಿದ್ದರು. ಬಂದು ಮತ ಹಾಕಿದರು. ಅದು ಸರಿಯೇ ಎಂಬ ಚರ್ಚೆ ನಂತರವೂ ನಿಲ್ಲಲಿಲ್ಲ. ಚರ್ಚೆ ಸಾಧ್ಯವಾದದ್ದು ಯಾರು ಎತ್ತ ನಿಂತರೆಂದು ದೇಶಕ್ಕೆ ಗೊತ್ತಿದ್ದುದರಿಂದ.

ಬೆಂಬಲ ವಾಪಸಿನ ಪತ್ರ ಒಬ್ಬ ನಾಯಕನ ಸಹಿಯಲ್ಲಿ ಮುಗಿದುಹೋಗುತ್ತದೆ. ಸದನದಲ್ಲಾದರೆ ನಾವು ಆರಿಸಿ ಕಳಿಸಿದ ಪ್ರತಿಯೊಬ್ಬರೂ ತಮ್ಮ ಪಾಲಿನ ಹೊಣೆ ಹೊರಬೇಕು. ಪ್ರಧಾನಿಯನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲದಿದ್ದಾಗ, ಇಳಿಸಿದವರು ಯಾರೆಂದು ತಿಳಿಯುವ ಹಕ್ಕಾದರೂ ನಮಗಿರಬೇಕು. ಮುಂದಿನ ಚುನಾವಣೆಯಲ್ಲಿ ಅವರು ನಮ್ಮ ಬಾಗಿಲಿಗೇ ಬರಬೇಕಲ್ಲ.