ಕೂಲಿ ಕೆಲಸ, ಸ್ವಂತ ಆಟ: ಬೆಂಗಳೂರು ಸೀಮೆಯ ವಿಡಿಯೊ ಗೇಮ್ ಉದ್ಯಮದ ಬಗ್ಗೆ ಒಂದು ಟಿಪ್ಪಣಿ

ಬೆಂಗಳೂರಿನ ಗೇಮ್ ಕಂಪನಿಗಳು ಕೈ ಬದಲಾದಾಗ ಸಿಕ್ಕ ಬೆಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. ಅದು 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಪಾಲಾಯಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಸುಮಾರು 79 ಲಕ್ಷ ಡಾಲರ್‌ಗೆ ಅದನ್ನು ಕೊಂಡು ತನ್ನ ಬೆಂಗಳೂರಿನ ಘಟಕಕ್ಕೆ ಸೇರಿಸಿಕೊಂಡಿತು. 2014ರಲ್ಲಿ ಇದೇ ಊರಿನಲ್ಲಿ ಶುರುವಾದ ಪ್ಲೇಸಿಂಪಲ್ ಗೇಮ್ಸ್ ಅನ್ನು ಸ್ವೀಡನ್ನಿನದೇ ಎಂಟಿಜಿ ಕಂಪನಿ 2021ರಲ್ಲಿ ಕೊಂಡಾಗ ಕೊಟ್ಟ ಆರಂಭಿಕ ಬೆಲೆ 36 ಕೋಟಿ ಡಾಲರ್. ಅದೇ ವರ್ಷ ‘ತೀನ್ ಪತ್ತಿ ಗೋಲ್ಡ್’ ಆಟದ ಮೂನ್‌ಫ್ರಾಗ್ ಲ್ಯಾಬ್ಸ್ ಸುಮಾರು 9 ಕೋಟಿ ಡಾಲರ್‌ಗೆ ಸ್ಟಿಲ್‌ಫ್ರಂಟ್ ಕೈಸೇರಿತು. ಇಪ್ಪತ್ತೆರಡು ವರ್ಷ ದುಡಿದ ಸಂಸ್ಥೆಗಿಂತ ಏಳು ವರ್ಷದ ಸಂಸ್ಥೆಗೆ ನಲವತ್ತು ಪಟ್ಟಿಗೂ ಹೆಚ್ಚು ಬೆಲೆ ಬಂದದ್ದು ಹೇಗೆ?

ಈ ಹೋಲಿಕೆಯನ್ನು ಎಚ್ಚರದಿಂದ ಬಳಸಬೇಕು. 2019ರಲ್ಲಿ ಸ್ಟಾರ್‌ಬ್ರೀಜ್ ಸಾಲದಲ್ಲಿ ಮುಳುಗಿತ್ತು. ಸಿಕ್ಕಷ್ಟಕ್ಕೆ ಮಾರುವ ಒತ್ತಡ ಅದಕ್ಕಿತ್ತು. 2021 ಕೋವಿಡ್ ಕಾಲ, ಗೇಮ್ ಕಂಪನಿಗಳಿಗೆ ಎಲ್ಲೆಡೆ ಬೇಡಿಕೆ ಏರಿದ್ದ ವರ್ಷ. ಇವನ್ನೆಲ್ಲ ಕಳೆದರೂ ಅಂತರ ಉಳಿಯುತ್ತದೆ. ಆ ಅಂತರಕ್ಕೆ ಕಾರಣ ಕೆಲಸದ ಗುಣಮಟ್ಟವಲ್ಲ, ಒಡೆತನ. ಪ್ಲೇಸಿಂಪಲ್ ಬಳಿ ಅದರದೇ ಆಟಗಳಿದ್ದವು. ಧ್ರುವ ಹೆಚ್ಚಾಗಿ ಬೇರೆಯವರ ಆಟಗಳಿಗೆ ಕೆಲಸ ಮಾಡಿಕೊಟ್ಟಿತ್ತು.

ಆ ಕೆಲಸ ಸಣ್ಣದೇನಲ್ಲ. ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಸರಣಿಯ ಕಾರುಗಳ ಕೆಲಸದಲ್ಲಿ ಧ್ರುವದ ಕಲಾವಿದರ ಪಾಲಿದೆ. ರೇಸಿಂಗ್ ಆಟದ ಒಂದು ಕಾರೆಂದರೆ ಬಣ್ಣ ಬಳಿದ ಚಿತ್ರವಲ್ಲ. ಕಾರು ಕಂಪನಿ ಕೊಟ್ಟ ನಕ್ಷೆ ಮತ್ತು ನೂರಾರು ಫೋಟೊಗಳನ್ನು ಎದುರಿಗಿಟ್ಟುಕೊಂಡು, ಬಾನೆಟ್ಟಿನ ಬಾಗು, ದೀಪದ ಗಾಜಿನೊಳಗಿನ ಗೆರೆ, ಡ್ಯಾಶ್‌ಬೋರ್ಡಿನ ಗುಂಡಿಗಳವರೆಗೆ ಎಲ್ಲವನ್ನೂ ಪುಟ್ಟಪುಟ್ಟ ಬಹುಭುಜಗಳಲ್ಲಿ ಕಟ್ಟಬೇಕು. ಅಷ್ಟಾದ ಮೇಲೆ ಅದೇ ಕಾರನ್ನು ಮತ್ತೆ ಮತ್ತೆ, ಪ್ರತಿ ಸಲವೂ ಕಡಿಮೆ ವಿವರದಲ್ಲಿ ಮಾಡಬೇಕು. ಹತ್ತಿರ ಬಂದಾಗ ಪೂರ್ಣ ವಿವರದ ಕಾರು, ದೂರ ಸರಿದಂತೆ ಹಗುರವಾದ ಕಾರು. ಈ ಅದಲುಬದಲು ಆಡುವವರ ಕಣ್ಣಿಗೆ ಗೊತ್ತಾಗದಿದ್ದರೆ ಕೆಲಸ ಗೆದ್ದಂತೆ. ಆದರೆ ಆಟ ಲಕ್ಷಾಂತರ ಪ್ರತಿ ಮಾರಾಟವಾದಾಗ ಈ ಕಾರು ಮಾಡಿದ ಸಂಸ್ಥೆಗೆ ಒಪ್ಪಂದದ ಹಣ ಬಿಟ್ಟರೆ ಬೇರೆ ಪಾಲು ಸಾಮಾನ್ಯವಾಗಿ ಇರುವುದಿಲ್ಲ.

ದೊಡ್ಡಬಳ್ಳಾಪುರದವರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ವಿದ್ಯುತ್ ಮಗ್ಗಗಳಲ್ಲಿ ಬಹಳಷ್ಟು ನಡೆಯುವುದು ಕೂಲಿಯ ಮೇಲೆ. ನೂಲು ಮಾಲೀಕನದು, ಜಕಾರ್ಡಿಗೆ ಹಾಕುವ ಡಿಸೈನು ಮಾಲೀಕನದು, ಸೀರೆ ಯಾವ ಊರಿನ ಅಂಗಡಿಗೆ ಹೋಗಬೇಕು, ಯಾವ ಬೆಲೆಗೆ ಎಂಬುದೂ ಅವನದೇ ತೀರ್ಮಾನ. ನೇಕಾರನಿಗೆ ಸೀರೆಗಿಷ್ಟು ಎಂದು ಕೂಲಿ. ಅಂಚು ಎಷ್ಟು ಚೆನ್ನಾಗಿ ಬಂದರೂ ಮೇಲಿನ ಲಾಭ ಅವನ ಮನೆಗೆ ಬರುವುದಿಲ್ಲ, ಪೇಟೆ ಕುಸಿದಾಗ ಮೊದಲು ನಿಲ್ಲುವುದು ಮಾತ್ರ ಅವನ ಮಗ್ಗ. ಬೆಂಗಳೂರಿನ ಗೇಮ್ ಉದ್ಯಮ ಮೊದಲ ಎರಡು ದಶಕ ಬಹುಪಾಲು ನಡೆದದ್ದು ಹೀಗೆಯೇ. ಸಂಬಳದ ಮಟ್ಟ ಬೇರೆ, ಕಚೇರಿಯ ಹವಾನಿಯಂತ್ರಣ ಬೇರೆ, ಒಡೆತನದ ಲೆಕ್ಕ ಮಾತ್ರ ಒಂದೇ.

ಹೀಗೆ ಮಗ್ಗ ನಿಲ್ಲುವುದನ್ನೂ ಬೆಂಗಳೂರು ನೋಡಿದೆ. ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹ 2025ರ ಫೆಬ್ರವರಿಯಲ್ಲಿ ಕುಸಿದಾಗ, ಸಿನಿಮಾ ದೃಶ್ಯಪರಿಣಾಮ, ಅನಿಮೇಷನ್ ಮತ್ತು ಗೇಮ್ ಕೆಲಸ ಮಾಡುತ್ತಿದ್ದ ಬೆಂಗಳೂರಿನ ದೊಡ್ಡ ಘಟಕವೂ ಅದರ ಜೊತೆಗೇ ಬಾಗಿಲು ಮುಚ್ಚಿತು. ಇಲ್ಲಿಯವರ ಕೈಚಳಕದಲ್ಲಿ ಕೊರತೆ ಇರಲಿಲ್ಲ. ತೀರ್ಮಾನ ಆದದ್ದು ಬೇರೆಲ್ಲೋ. ಜಗತ್ತಿನ ಮಟ್ಟದಲ್ಲೂ ಇದು ಹಿಂಡುವ ಕಾಲ. ಗೇಮ್‌ಗಳ ವಾರ್ಷಿಕ ವಹಿವಾಟು 18,000 ಕೋಟಿ ಡಾಲರ್ ದಾಟಿದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮೊಬೈಲಿನದು. ಹೀಗಿದ್ದೂ 2023 ಮತ್ತು 2024ರಲ್ಲಿ ಕೆಲಸ ಕಳೆದುಕೊಂಡವರ ಸಂಖ್ಯೆ ಇಪ್ಪತ್ತು ಸಾವಿರ ಮೀರಿತು ಎಂಬ ಅಂದಾಜಿದೆ. ಅದರ ಮೇಲೆ, ಕಲ್ಲು, ಮರ, ಗೋಡೆ, ಪಾತ್ರೆಗಳಂಥ ಹಿನ್ನೆಲೆಯ ವಸ್ತುಗಳನ್ನು ಕೃತಕ ಬುದ್ಧಿಮತ್ತೆಯ ಉಪಕರಣಗಳಿಂದ ಮಾಡಿಸಿಕೊಳ್ಳುವ ಪ್ರಯತ್ನ ಜೋರಾಗಿದೆ. ಹೊರಗುತ್ತಿಗೆಗೆ ಬರುತ್ತಿದ್ದ ಕೆಲಸದ ದೊಡ್ಡ ಪಾಲು ಇಂಥದ್ದೇ. ಹಾಗಾಗಿ ಕೂಲಿ ಕೆಲಸವನ್ನೇ ನೆಚ್ಚಿ ಮುಂದಿನ ಹತ್ತು ವರ್ಷ ಕಳೆಯಬಹುದು ಎಂದು ನನಗನ್ನಿಸುವುದಿಲ್ಲ.

ಸ್ವಂತ ಆಟದ ಹೆಸರಿನಲ್ಲಿ ಬೆಂಗಳೂರಿನಲ್ಲಿ ಬೆಳೆದ ಇನ್ನೊಂದು ಕವಲು ಹಣ ಕಟ್ಟಿ ಆಡುವ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್‌ನದು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಮಾಡಿತು. 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಬಿತ್ತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನಗಳಲ್ಲಿ ಅಂಗೀಕರಿಸಿದ ಕೇಂದ್ರದ ಕಾಯ್ದೆ, ಕೌಶಲ್ಯ–ಅದೃಷ್ಟ ಎಂಬ ಹಳೆಯ ಭೇದವನ್ನೇ ಬದಿಗಿಟ್ಟು, ಹಣ ಪಣಕ್ಕಿಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಹಣವಿಲ್ಲದ ಆಟಗಳಿಗೆ ಪ್ರೋತ್ಸಾಹ ಕೊಡುವ ಮಾತನ್ನೂ ಆಡುತ್ತದೆ. ಕಾನೂನಿನ ಸಾಂವಿಧಾನಿಕತೆ ನ್ಯಾಯಾಲಯದ ವಿಷಯ. ಸಾಲ ಮಾಡಿ ಆಡಿ ಮನೆಮಠ ಕಳೆದುಕೊಂಡವರ ಸಂಕಟ ನಿಜವಾದದ್ದು, ಅದನ್ನು ಉದ್ಯಮದ ಬೆಳವಣಿಗೆಯ ಅಂಕಿಗಳಿಂದ ಮುಚ್ಚಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಟಿಪ್ಪಣಿಗೆ ಮುಖ್ಯವಾದದ್ದು ಬೇರೆ: ಲಕ್ಷಾಂತರ ಜನ ಏಕಕಾಲಕ್ಕೆ ಆಡಿದರೂ ಕುಸಿಯದ ಸರ್ವರ್ ಕಟ್ಟುವುದು, ಸಣ್ಣ ಫೋನಿನಲ್ಲೂ ಓಡುವಂತೆ ಆಟವನ್ನು ಹಗುರ ಮಾಡುವುದು ಗೊತ್ತಿರುವ ಎಂಜಿನಿಯರುಗಳು ಈ ಕವಲಿನಿಂದ ಬಿಡುಗಡೆಯಾಗಿ ಇದೇ ಊರಿನಲ್ಲಿದ್ದಾರೆ.

ಇನ್ನು ದೊಡ್ಡಬಳ್ಳಾಪುರವೂ ಸೇರಿದ ಬೆಂಗಳೂರು ಗ್ರಾಮಾಂತರ ಜಿಲ್ಲೆ. 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಇದನ್ನು ಬೆಂಗಳೂರು ಉತ್ತರ ಜಿಲ್ಲೆ ಎಂದು ಕರೆಯಲು ತೀರ್ಮಾನಿಸಿತು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ 2023ರಲ್ಲಿ ಸುಮಾರು 300 ಎಕರೆ ಜಾಗ ಪಡೆಯಿತು. 2025ರಲ್ಲಿ ಅಲ್ಲಿ ಐಫೋನ್ 17 ಜೋಡಣೆ ಶುರುವಾಯಿತು. ದೊಡ್ಡಬಳ್ಳಾಪುರ ಮತ್ತು ದಾಬಸ್‌ಪೇಟೆಯ ನಡುವೆ ‘ಕ್ವಿನ್ ಸಿಟಿ’ ಎಂಬ ಹೊಸ ನಗರ ಕಟ್ಟುವ ಯೋಜನೆಗೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಜಗತ್ತು ಆಟ ಆಡುವ ಯಂತ್ರ ಈ ಜಿಲ್ಲೆಯಲ್ಲಿ ತಯಾರಾಗುತ್ತಿದೆ. ಆದರೆ ಆ ಪರದೆಯ ಮೇಲೆ ಓಡುವ ಆಟ ಇಲ್ಲಿನದಲ್ಲ, ಅದರ ಭಾಷೆಯೂ ಇಲ್ಲಿನದಲ್ಲ. ಫೋನಿನ ಜೋಡಣೆಯೂ ಕೂಲಿಯ ಏರ್ಪಾಡೇ ಎಂಬುದನ್ನು ಗಮನಿಸಬೇಕು.

ಕನ್ನಡದ ಪೇಟೆ ಚಿಕ್ಕದು ಎಂಬ ಉತ್ತರ ತಕ್ಷಣ ಬರುತ್ತದೆ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು 4.37 ಕೋಟಿ. ಪೋಲೆಂಡಿನ ಜನಸಂಖ್ಯೆ ಅದಕ್ಕಿಂತ ಕಡಿಮೆ. 1994ರಲ್ಲಿ ಅಲ್ಲಿ ಹುಟ್ಟಿದ ಸಿಡಿ ಪ್ರಾಜೆಕ್ಟ್ ಮೊದಲು ಮಾಡಿದ್ದು ಹೊರದೇಶದ ಆಟಗಳನ್ನು ತಂದು ಮಾರುವ ಕೆಲಸ. 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಆಟವನ್ನು ಹೆಸರಾಂತ ನಟರ ದನಿಯಲ್ಲಿ ಪೋಲಿಷ್‌ಗೆ ತಂದಾಗ ಅದು ದೊಡ್ಡ ಯಶಸ್ಸು ಕಂಡಿತು. ಆ ಅನುಭವದ ಮೇಲೆ ತನ್ನದೇ ನಾಡಿನ ಲೇಖಕ ಸಪ್ಕೋವ್‌ಸ್ಕಿಯ ಕತೆಗಳನ್ನು ಹಿಡಿದು 2007ರಲ್ಲಿ ‘ದಿ ವಿಚರ್’ ಮಾಡಿತು. ಪೋಲೆಂಡಿನವರ ಕೊಳ್ಳುವ ಶಕ್ತಿ ನಮ್ಮಲ್ಲಿಲ್ಲ, ಮೊಬೈಲಿನಲ್ಲಿ ದುಡ್ಡು ಕೊಟ್ಟು ಆಡುವವರು ನಮ್ಮಲ್ಲಿ ಕಡಿಮೆ. ಇದು ನಿಜವಾದ ಅಡ್ಡಿಯೇ. ಹಾಗೆಂದು ಕನ್ನಡದಲ್ಲಷ್ಟೇ ಆಟ ಮಾಡಬೇಕೆಂದಿಲ್ಲ. ಕನ್ನಡದಲ್ಲಿ ಹುಟ್ಟಿ ಹತ್ತು ಭಾಷೆಗೆ ಹೋಗುವ ಆಟವನ್ನು ಮಾಡಲು ಯಾರೂ ಅಡ್ಡ ಬರುವುದಿಲ್ಲ.

ಪ್ಲೇಸಿಂಪಲ್ ಹಣ ಗಳಿಸಿದ್ದು ಇಂಗ್ಲಿಷ್ ಪದಬಂಧ ಮತ್ತು ಪದ ಜೋಡಿಸುವ ಆಟಗಳಿಂದ. ಬೆಂಗಳೂರಿನಲ್ಲಿ ಕೂತು ಅಮೆರಿಕದವರಿಗೆ ಪದಬಂಧ ಮಾಡಿಕೊಟ್ಟು ಗೆಲ್ಲಬಹುದಾದರೆ, ಪತ್ರಿಕೆ ಕೈಗೆ ಬಂದ ಕೂಡಲೇ ಪದಬಂಧದ ಮೂಲೆಗೆ ತಿರುಗುವ ಕನ್ನಡ ಓದುಗರಿಗೆ ಏಕೆ ಮಾಡಲಿಲ್ಲ? ಒಂದು ಕಾರಣ ತಾಂತ್ರಿಕ. ಕನ್ನಡ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಒತ್ತು–ಗುಣಿತ ಸಮೇತ. ‘ದೊಡ್ಡಬಳ್ಳಾಪುರ’ ಬರೆಯಲು ಆರು ಚೌಕ ಸಾಕು: ದೊ, ಡ್ಡ, ಬ, ಳ್ಳಾ, ಪು, ರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಅದೇ ಹೆಸರು ಹದಿಮೂರು ಸಂಕೇತಗಳ ಸಾಲು. ‘ಡ್ಡ’ ಒಂದಕ್ಕೇ ಡ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಡ, ಹೀಗೆ ಮೂರು. ಇಂಗ್ಲಿಷಿಗೆಂದು ಬರೆದ ಪ್ರೋಗ್ರಾಂ ಸಂಕೇತಕ್ಕೊಂದು ಚೌಕ ಕೊಡುತ್ತದೆ, ಒತ್ತಕ್ಷರ ಒಡೆದು ಚೂರಾಗುತ್ತದೆ. ಮೊಬೈಲ್ ಆಟಗಳಿಗೆ ಹೆಚ್ಚು ಬಳಕೆಯಾಗುವ ಯೂನಿಟಿ ಎಂಜಿನ್‌ನಲ್ಲಿ ಕನ್ನಡದ ಒತ್ತುಗಳು ಸರಿಯಾಗಿ ಕೂಡಿಕೊಳ್ಳದೆ ಬಹುಕಾಲ ತೊಂದರೆಯಿತ್ತು. ಕೆಲವರು ಪಠ್ಯವನ್ನೇ ಚಿತ್ರವಾಗಿ ಅಂಟಿಸಿ ಪಾರಾಗುತ್ತಿದ್ದರು. 2023ರಲ್ಲಿ ಬಂದ ಗೊಡಾಟ್ 4 ಎಂಬ ಉಚಿತ ಎಂಜಿನ್, ಹಾರ್ಫ್‌ಬಜ್ ತಂತ್ರಾಂಶದ ನೆರವಿನಿಂದ, ಭಾರತೀಯ ಲಿಪಿಗಳನ್ನು ಸರಿಯಾಗಿ ಮೂಡಿಸುತ್ತದೆ. ಪರವಾನಗಿ ಶುಲ್ಕವಿಲ್ಲ, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ದೊಡ್ಡಬಳ್ಳಾಪುರದ ಅಥವಾ ಹೊಸಕೋಟೆಯ ಸರ್ಕಾರಿ ಪದವಿ ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಕಲಿಸಲು ದೊಡ್ಡ ಬಂಡವಾಳ ಬೇಡ, ಕಲಿಸಬಲ್ಲ ಒಬ್ಬ ಮೇಷ್ಟ್ರು ಬೇಕು.

ಅನಿಮೇಷನ್, ದೃಶ್ಯಪರಿಣಾಮ, ಗೇಮಿಂಗ್‌ಗೆಂದೇ 2012ರಲ್ಲಿ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ಕರ್ನಾಟಕ. 2021ರಲ್ಲಿ ಮಹದೇವಪುರದಲ್ಲಿ ಉತ್ಕೃಷ್ಟತಾ ಕೇಂದ್ರವೂ ಬಂತು. 2024–29ರ ಮೂರನೆಯ ನೀತಿ 30,000 ಹೊಸ ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಗುರಿ ಒಳ್ಳೆಯದು, ಅಳತೆಗೋಲು ಸಾಲದು. ಇಲ್ಲಿ ಹುಟ್ಟಿ ಇಲ್ಲಿಯವರ ಹೆಸರಿನಲ್ಲೇ ಉಳಿದ ಆಟಗಳೆಷ್ಟು, ಅವುಗಳಲ್ಲಿ ಕನ್ನಡದ ಆಯ್ಕೆ ಇರುವವು ಎಷ್ಟು ಎಂಬ ಎರಡು ಕಲಂಗಳನ್ನು ನೀತಿಯ ವಾರ್ಷಿಕ ವರದಿಯಲ್ಲಿ ಸೇರಿಸಿದರೆ ಅನುದಾನ ಹರಿಯುವ ದಿಕ್ಕೇ ಬದಲಾದೀತು.

ಒಡೆತನ ಕೈತಪ್ಪುವುದು ಹೇಗೆ ಎಂಬುದಕ್ಕೆ ಪಗಡೆಯ ಉದಾಹರಣೆ ಸಾಕು. ನಮ್ಮ ಪಗಡೆ–ಪಚ್ಚೀಸಿಯ ಸರಳ ರೂಪವನ್ನು 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂಬ ಹೆಸರಿನಲ್ಲಿ ಪೇಟೆಂಟ್ ಮಾಡಿಸಿಕೊಂಡರು. 2016ರಲ್ಲಿ ನವಿ ಮುಂಬೈನ ಕಂಪನಿಯೊಂದು ಅದನ್ನು ‘ಲೂಡೋ ಕಿಂಗ್’ ಮಾಡಿ ಮೊಬೈಲಿಗೆ ತಂದಿತು. ಲಾಕ್‌ಡೌನಿನಲ್ಲಿ ಅದು ಮನೆಮನೆ ಸೇರಿತು. ಹಳೆ ಮೈಸೂರಿನ ಚೌಕಾಬಾರಕ್ಕೆ ಅಂಥ ಅದೃಷ್ಟ ಬಂದಿಲ್ಲ. ಅದನ್ನು ತಂತ್ರಾಂಶವಾಗಿಸಲು ಹೊರಟವರಿಗೆ ಮೊದಲು ಎದುರಾಗುವುದು ನಿಯಮಗಳ ಪ್ರಶ್ನೆ. ಕೆಲವೆಡೆ ಐದು ಮನೆಯ ಹಾಸು, ಕೆಲವೆಡೆ ಏಳು ಮನೆಯದು. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿದ ಹುಣಸೆ ಬೀಜ. ನಾಲ್ಕೂ ಮೇಲ್ಮುಖವಾಗಿ ಬಿದ್ದರೆ ನಾಲ್ಕು, ನಾಲ್ಕೂ ಮಗುಚಿ ಬಿದ್ದರೆ ಎಂಟು, ಎರಡಕ್ಕೂ ಮತ್ತೊಂದು ಸಲ ಹಾಕುವ ಹಕ್ಕು. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಿ ಹಣ್ಣು ಮಾಡಬಹುದೇ, ಜೋಡಿ ಕಾಯಿಯನ್ನು ಒಂಟಿ ಕಾಯಿ ಕಡಿಯಬಹುದೇ, ಸತತ ಮೂರು ಸಲ ಇಂಥ ಗರ ಬಿದ್ದರೆ ಲೆಕ್ಕಕ್ಕಿದೆಯೇ ಇಲ್ಲವೇ ಎಂಬುದಕ್ಕೆ ಊರಿಗೊಂದು ಉತ್ತರ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ ತಾಲ್ಲೂಕುಗಳಲ್ಲಿ ಈ ಆಟವನ್ನು ಸಲೀಸಾಗಿ ಆಡಬಲ್ಲವರು ಈಗ ಹೆಚ್ಚಾಗಿ ಹಿರಿಯ ಹೆಂಗಸರು. ಅವರ ಬಳಿ ಕೂತು, ಹೋಬಳಿವಾರು, ಈ ಭೇದಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ಕಾಲೇಜಿನ ಕನ್ನಡ ವಿಭಾಗವೂ ಕಂಪ್ಯೂಟರ್ ವಿಭಾಗವೂ ಸೇರಿ ಒಂದೇ ವರ್ಷದಲ್ಲಿ ಮುಗಿಸಬಹುದಾದದ್ದು. ಆಟದ ಕೋಡ್ ಬರೆಯುವುದು ಆಮೇಲಿನ ಮಾತು.