ಮೂವರು ಚಕ್ರವರ್ತಿಗಳ ಭೋಜನ

ಶುಭಕಾರ್ಯವೆಂದೊಡನೆ ಭೋಜನವೆಂಬ ನಿಯಮವು ಎಲ್ಲ ದೇಶಗಳಲ್ಲಿಯೂ ಒಂದೇ. ಮದುವೆಯಾಗಲಿ, ಪಟ್ಟಾಭಿಷೇಕವಾಗಲಿ, ರಾಜರಾಜರ ಸಂಧಿಯಾಗಲಿ, ಜನರು ಕಡೆಗೆ ಉಣ್ಣುವುದಕ್ಕೆ ಕುಳಿತುಕೊಳ್ಳುವರು. ಈಚೆಗೆ ದೊಡ್ಡ ನಗರಗಳ ಭೋಜನಶಾಲೆಗಳಲ್ಲಿ ವಿಶೇಷ ದಿನಗಳಂದು ಹತ್ತು ಹದಿನೈದು ಭಕ್ಷ್ಯಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದರಂತೆ ತಂದಿಟ್ಟು ರುಚಿ ತೋರಿಸುವ ಪದ್ಧತಿಯು ಬೆಳೆದಿದೆ. ಇಂಥ ಕ್ರಮಭೋಜನಗಳ ಚರಿತ್ರೆಯಲ್ಲಿ ಬಹಳ ಪ್ರಸಿದ್ಧವಾದುದೊಂದುಂಟು. ಅದು ೧೮೬೭ನೆಯ ಇಸವಿ ಜೂನ್ ೭ರ ರಾತ್ರಿ ಪ್ಯಾರಿಸ್ ನಗರದಲ್ಲಿ ನಡೆಯಿತು. ಅದರ ರುಚಿಗಿಂತಲೂ ಅದರ ಹಿಂದುಮುಂದಿನ ವೃತ್ತಾಂತವೇ ಹೆಚ್ಚು ವಿಚಾರಾರ್ಹವಾದುದು.

ಮೊದಲು ಬಡಿಸುವ ಕ್ರಮವನ್ನು ತಿಳಿಯಬೇಕು. ಪೂರ್ವದಲ್ಲಿ ಫ್ರಾನ್ಸಿನ ಶ್ರೀಮಂತರ ಔತಣಗಳಲ್ಲಿ ಬಹುವಿಧ ಭಕ್ಷ್ಯಗಳನ್ನು ಒಮ್ಮೆಗೇ ಮೇಜಿನ ಮೇಲೆ ಚಿತ್ರ ಬಿಡಿಸಿದಂತೆ ಜೋಡಿಸುತ್ತಿದ್ದರು. ನೋಟಕ್ಕೆ ಅದು ರಮಣೀಯವೇ ಸರಿ. ಆದರೆ ಬಿಸಿಯಾದುದು ಆರಿಹೋಗುತ್ತಿದ್ದಿತು, ಕೈಗೆಟುಕಿದಷ್ಟೇ ಅತಿಥಿಯ ಭಾಗ್ಯವಾಗುತ್ತಿದ್ದಿತು. ಸುಮಾರು ೧೮೧೦ರಲ್ಲಿ ಪ್ಯಾರಿಸಿನಲ್ಲಿದ್ದ ರಷ್ಯದ ರಾಯಭಾರಿ ಕುರಾಕಿನ್ ಎಂಬವನು ತನ್ನ ದೇಶದ ಕ್ರಮವನ್ನು ಅಲ್ಲಿ ತೋರಿಸಿದನೆಂದು ಹೇಳುವರು. ಅದರಲ್ಲಿ ಪ್ರತಿಯೊಂದು ಭಕ್ಷ್ಯವೂ ತನ್ನ ಸರದಿಯಲ್ಲಿ ಬಿಸಿಬಿಸಿಯಾಗಿ ಬಂದು ಎಲ್ಲರಿಗೂ ಸಮನಾಗಿ ಬಡಿಸಲ್ಪಡುತ್ತದೆ. ಮುಂದೆ ಬರುವುದೇನೆಂದು ಕಣ್ಣಿಗೆ ಕಾಣದಿರುವುದರಿಂದ ಪ್ರತಿಯೊಬ್ಬನ ಮುಂದೆಯೂ ಭಕ್ಷ್ಯಗಳ ಪಟ್ಟಿಯನ್ನಿಡುವುದು ರೂಢಿಯಾಯಿತು. ನಮ್ಮ ಎಲೆಯ ಊಟದಲ್ಲಿ ಈ ಎರಡು ಕ್ರಮಗಳೂ ಬೆರೆತಿರುವುದನ್ನು ವಾಚಕರು ಗಮನಿಸಬಹುದು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಮೊದಲೇ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ. ತೊವ್ವೆಯಿಂದ ಮಜ್ಜಿಗೆಯವರೆಗಿನವು ಸರದಿಯಂತೆ ಬರುತ್ತವೆ.

೧೮೬೭ರಲ್ಲಿ ಫ್ರಾನ್ಸಿನ ಚಕ್ರವರ್ತಿಯಾಗಿದ್ದ ಮೂರನೆಯ ನೆಪೋಲಿಯನ್ನನು ಪ್ಯಾರಿಸಿನಲ್ಲಿ ಒಂದು ಮಹಾಪ್ರದರ್ಶನವನ್ನು ನಡೆಸಿದನು. ಅದನ್ನು ನೋಡಲು ಬಂದ ರಾಜರಲ್ಲಿ ರಷ್ಯದ ಜಾರ್ ಎರಡನೆಯ ಅಲೆಕ್ಸಾಂಡರನೂ ಪ್ರಷ್ಯದ ದೊರೆ ವಿಲಿಯಮನೂ ಮುಖ್ಯರಾದವರು. ಜೂನ್ ೬ರಂದು ಜಾರನು ನೆಪೋಲಿಯನ್ನನೊಡನೆ ಒಂದೇ ಗಾಡಿಯಲ್ಲಿ ಬರುತ್ತಿದ್ದಾಗ ಪೋಲೆಂಡ್ ದೇಶದ ಯುವಕನೊಬ್ಬನು ಅವನ ಮೇಲೆ ಗುಂಡು ಹಾರಿಸಿದನು, ಗುರಿ ತಪ್ಪಿತು. ಆ ಭೋಜನವು ನಡೆದದ್ದು ಇದರ ಮರುದಿನವೇ. ಕಾಫೆ ಆಂಗ್ಲೆ ಎಂಬ ಹೆಸರಾಂತ ಭೋಜನಶಾಲೆಯಲ್ಲಿ ಅದನ್ನು ಏರ್ಪಡಿಸಿದವನು ವಿಲಿಯಮನೆಂದು ಪ್ರತೀತಿ. ಜಾರನೂ, ಅವನ ಯುವರಾಜನೂ, ವಿಲಿಯಮನೂ, ಅವನ ಮಂತ್ರಿಯಾದ ಬಿಸ್ಮಾರ್ಕನೂ ಕುಳಿತರು. ಪಾಕಾಧ್ಯಕ್ಷನು ಅಡೋಲ್ಫ್ ಡ್ಯುಗ್ಲೆರೆ.

ಹದಿನಾರು ಭಕ್ಷ್ಯಗಳು, ಎಂಟು ಬಗೆಯ ಮದ್ಯಗಳು, ಎಂಟು ಗಂಟೆಗಳ ಕಾಲ ಎಂಬುದು ಪ್ರಚಾರದಲ್ಲಿರುವ ಲೆಕ್ಕ. ಸಾರಿನಿಂದ ಆರಂಭವಾಗಿ ಮೀನು, ಕುರಿ, ಕೋಳಿ, ಲಾವಕ್ಕಿಗಳ ಮಾಂಸಗಳು ಬಂದುವು, ನಡುವೆ ನಾಲಗೆಯನ್ನು ತೊಳೆಯುವುದಕ್ಕೋ ಎಂಬಂತೆ ಹೆಪ್ಪುಗಟ್ಟಿದ ತಣ್ಣನೆಯ ಪಾನಕ, ಬಳಿಕ ಬಾತುಕೋಳಿ, ಅನಂತರ ನಮಗೂ ಪರಿಚಿತವಾದ ಬದನೆಕಾಯಿ, ಕಡೆಗೆ ಮಂಜಿನಂತೆ ಗಡ್ಡೆಗಟ್ಟಿದ ಸಿಹಿ. ಮದ್ಯಗಳಲ್ಲೊಂದು ಹಡಗಿನಲ್ಲಿ ಇಂಡಿಯಾ ದೇಶದವರೆಗೆ ಹೋಗಿ ಹಿಂದಿರುಗಿದುದು; ಸಮುದ್ರಯಾನದ ಬಿಸಿಲಿಗೆ ಅದು ಪಕ್ವವಾಗುವುದೆಂದು ಅಲ್ಲಿಯವರ ನಂಬಿಕೆ. ಹೆಬ್ಬಾತಿನ ಯಕೃತ್ತಿನ ಭಕ್ಷ್ಯವೇಕಿಲ್ಲವೆಂದು ಜಾರನು ಕೇಳಲು, ಜೂನ್ ತಿಂಗಳು ಅದಕ್ಕೆ ಕಾಲವಲ್ಲವೆಂದು ಭೋಜನಶಾಲೆಯವರು ವಿನಯದಿಂದ ಬಿನ್ನವಿಸಿದರೆಂದು ಒಂದು ಹೇಳಿಕೆಯುಂಟು. ಚಕ್ರವರ್ತಿಯ ಅಪ್ಪಣೆಗಿಂತ ಋತುಧರ್ಮವು ದೊಡ್ಡದೆಂದು ತಿಳಿದ ಪಾಕಶಾಲೆ ಅದು.

ಈ ಭೋಜನಕ್ಕೆ ‘ಮೂವರು ಚಕ್ರವರ್ತಿಗಳ ಭೋಜನ’ವೆಂದು ಹೆಸರು. ಆದರೆ ಅಂದು ಕುಳಿತವರಲ್ಲಿ ಚಕ್ರವರ್ತಿಯಾಗಿದ್ದವನು ಜಾರನೊಬ್ಬನೇ. ಅವನ ಮಗನು ೧೮೮೧ರಲ್ಲಿ ತಂದೆಯು ಘಾತುಕರ ಬಾಂಬಿಗೆ ಬಲಿಯಾದ ಮೇಲೆ ಪಟ್ಟಕ್ಕೆ ಬಂದನು. ವಿಲಿಯಮನು ಚಕ್ರವರ್ತಿಯಾದದ್ದು ಹೇಗೆಂಬುದೇ ಈ ಕಥೆಯ ಮರ್ಮ.

ಆ ಮಹಾಪ್ರದರ್ಶನದಲ್ಲಿ ಪ್ರಷ್ಯದ ಕ್ರುಪ್ ಕಾರ್ಖಾನೆಯವರು ಸುಮಾರು ೫೦ ಟನ್ ತೂಕದ ಒಂದು ಫಿರಂಗಿಯನ್ನಿಟ್ಟಿದ್ದರು. ಜನರು ಅದನ್ನು ಒಂದು ವಿನೋದವೆಂಬಂತೆ ನೋಡಿ ಹೋದರು. ೧೮೭೦ರ ಜುಲೈ ೧೯ರಂದು ಫ್ರಾನ್ಸು ಪ್ರಷ್ಯದ ಮೇಲೆ ಯುದ್ಧವನ್ನು ಸಾರಿತು; ಎರಡು ತಿಂಗಳೊಳಗಾಗಿ ನೆಪೋಲಿಯನ್ನನು ಸೆರೆಯಾದನು, ಪ್ಯಾರಿಸಿಗೆ ಮುತ್ತಿಗೆ ಬಿದ್ದಿತು. ೧೮೭೧ರ ಜನವರಿಯಲ್ಲಿ ಕ್ರುಪ್ ಫಿರಂಗಿಗಳ ಗುಂಡುಗಳು ನಗರದೊಳಗೆ ಬಿದ್ದುವು. ಅದೇ ತಿಂಗಳು ೧೮ರಂದು ವರ್ಸೇಲ್ಸಿನ ಅರಮನೆಯಲ್ಲಿ, ಫ್ರಾನ್ಸಿನ ರಾಜರ ಕನ್ನಡಿಯ ಮಂಟಪದಲ್ಲಿಯೇ, ವಿಲಿಯಮನನ್ನು ಜರ್ಮನಿಯ ಚಕ್ರವರ್ತಿಯೆಂದು ಸಾರಿದರು.

ಮುತ್ತಿಗೆಯೊಳಗಿನ ಜನರು ಕುದುರೆ, ನಾಯಿ, ಬೆಕ್ಕು, ಇಲಿಗಳನ್ನು ತಿಂದರು. ಮೃಗಾಲಯದ ಎರಡು ಆನೆಗಳನ್ನೂ ಕೊಂದರು. ಕಡೆಗೆ ದಿನಕ್ಕೆ ೩೦೦ ಗ್ರಾಂ ಕಲಬೆರಕೆಯ ರೊಟ್ಟಿ ಒಬ್ಬನ ಪಾಲಾಯಿತು. ೧೮೭೦ರ ಡಿಸೆಂಬರ್ ೨೫, ಮುತ್ತಿಗೆಯ ೯೯ನೆಯ ದಿನ, ವ್ವಾಜಾಂ ಎಂಬ ಮತ್ತೊಂದು ಭೋಜನಶಾಲೆಯು ಕ್ರಿಸ್ತಜಯಂತಿಗಾಗಿ ಸಿದ್ಧಪಡಿಸಿದ ಪಟ್ಟಿಯು ಇಂದಿಗೂ ಪ್ರಸಿದ್ಧವಾಗಿದೆ. ಕತ್ತೆಯ ತಲೆ, ಒಂಟೆಯ ಮಾಂಸ, ಸುತ್ತಲೂ ಇಲಿಗಳನ್ನಿಟ್ಟ ಬೆಕ್ಕು! ಬಡಿಸುವ ಕ್ರಮವು ಮಾತ್ರ ಕೆಡಲಿಲ್ಲ. ಹಿಂದಿನ ಹಾಗೆಯೇ ಸರದಿ, ಹಿಂದಿನ ಹಾಗೆಯೇ ಹಳೆಯ ಉತ್ತಮ ಮದ್ಯ. ಈ ವಿಲಾಸವೂ ಹಣವುಳ್ಳವರಿಗೇ. ಬಡವರು ಚಳಿಯಲ್ಲಿ ರೊಟ್ಟಿಗಾಗಿ ಸಾಲು ನಿಂತಿದ್ದರು.

‘ಉಂಡ ಮನೆಯ ಜಂತೆ ಎಣಿಸುವುದು’ ಎಂಬ ನಮ್ಮ ಗಾದೆಯು ಇಲ್ಲಿ ಥಟ್ಟನೆ ನೆನಪಿಗೆ ಬರುತ್ತದೆ. ಆದರೆ ತೀರ್ಪು ಕೊಡುವ ಮುನ್ನ ಆ ರಾತ್ರಿಯ ಭೋಜನದಲ್ಲಿ ಅತಿಥೇಯನಾರೆಂದು ಕೇಳಬೇಕು. ಪ್ಯಾರಿಸ್ ನಗರವಲ್ಲ, ನೆಪೋಲಿಯನ್ನನೂ ಅಲ್ಲ. ಅವನು ಆ ಪಂಕ್ತಿಯಲ್ಲಿಯೇ ಇರಲಿಲ್ಲ. ಹಣ ತೆತ್ತು ಬಡಿಸಿಕೊಂಡ ಅನ್ನದಲ್ಲಿ ಋಣವು ಲೆಕ್ಕ ತೀರಿಸಿದೊಡನೆಯೇ ತೀರಿಹೋಗುತ್ತದೆ. ಅತಿಥೇಯನಾಗಿದ್ದವನು ವಿಲಿಯಮನು, ಅತಿಥಿಯು ಜಾರನು. ೧೮೭೦ರ ಯುದ್ಧದಲ್ಲಿ ಜಾರನು ವಿಲಿಯಮನಿಗೆ ಅನುಕೂಲವಾಗುವಂತೆ ತಟಸ್ಥನಾಗಿಯೇ ನಿಂತನು. ಇದು ಆ ಊಟದ ಫಲವೆಂದು ಹೇಳುವುದು ಬಾಲಿಶವಾದೀತು. ವಿಲಿಯಮನು ಅವನ ಸೋದರಮಾವ; ಕ್ರಿಮಿಯ ಯುದ್ಧದ ಸೋಲಿನ ಬಳಿಕ ೧೮೫೬ರಲ್ಲಿ ವಿಧಿಸಿದ್ದ ಕಪ್ಪುಸಮುದ್ರದ ಕಟ್ಟುಗಳನ್ನು ಹರಿದೊಗೆಯಲು ರಷ್ಯಕ್ಕೆ ಆ ಯುದ್ಧವೇ ಸಂಧಿಯಾಯಿತು. ಭೋಜನವು ಸ್ನೇಹವನ್ನು ಹುಟ್ಟಿಸಲಿಲ್ಲ. ಮೊದಲೇ ಇದ್ದ ಬಾಂಧವ್ಯವನ್ನು ಹೊರಗೆ ತೋರಿಸಿತು.

ಕಾಫೆ ಆಂಗ್ಲೆಯ ಕಟ್ಟಡವನ್ನು ೧೯೧೩ರಲ್ಲಿ ಕೆಡವಿದರು. ಆ ರಾತ್ರಿಯ ಮೇಜನ್ನು ಪ್ಯಾರಿಸಿನ ಮತ್ತೊಂದು ಪ್ರಾಚೀನ ಭೋಜನಶಾಲೆಯವರು ಕಾಪಾಡಿಕೊಂಡು ಬಂದರು. ವಿಶೇಷ ದಿನದಂದು ಹದಿನಾರು ಭಕ್ಷ್ಯಗಳನ್ನು ಸವಿಯುವುದರಲ್ಲಿ ದೋಷವೇನೂ ಇಲ್ಲ. ಪಾಕವೂ ಒಂದು ವಿದ್ಯೆ, ಅದನ್ನು ಮೆಚ್ಚುವವರು ಬೇಕು. ಆದರೆ ಭಕ್ಷ್ಯಗಳ ಪಟ್ಟಿಯನ್ನೋದುವಾಗ, ಈ ಪಂಕ್ತಿಯಲ್ಲಿ ಬಡಿಸುವವರಾರು, ಉಣ್ಣುವವರಾರು, ಹೊರಗುಳಿದವರಾರು ಎಂಬುದನ್ನೂ ಒಮ್ಮೆ ಎಣಿಸಿ ನೋಡುವುದು ಉಚಿತ.